ಹಸಿ ಕಸದ ಬೋರ್ಡಿನ ಮೊದಲ ಅಕ್ಷರ

ಬೆಳಿಗ್ಗೆ ಏಳೂವರೆ. ಕೈಯಲ್ಲಿರೋದು ಅಡುಗೆಮನೆ ಕಸ: ಈರುಳ್ಳಿ ಸಿಪ್ಪೆ, ಕೊತ್ತಂಬರಿ ದಂಟು, ರಾತ್ರಿ ಸೋಸಿದ ಟೀ ಚರಟ. ಟೋಕಿಯೋದ ನಿಶಿ-ಕಸಾಯಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗೆ, ಕಸ ಇಡೋ ಜಾಗದಲ್ಲಿ ಒಂದು ಬೋರ್ಡಿದೆ. ಅದರ ಮೊದಲನೇ ಅಕ್ಷರ ನೋಡಿ: 生.

ಐದೇ ಗೆರೆ. ಎಡಕ್ಕೆ ಇಳಿಯೋ ಸಣ್ಣ ಓರೆಗೆರೆ, ಒಂದು ಅಡ್ಡಗೆರೆ, ನಟ್ಟನಡುವೆ ಉದ್ದಗೆರೆ, ಆಮೇಲೆ ಇನ್ನೆರಡು ಅಡ್ಡ. ಕೊನೇದು ಎಲ್ಲಕ್ಕಿಂತ ಉದ್ದ, ಅದು ನೆಲ. ನೆಲ ಸೀಳಿಕೊಂಡು ಬಂದ ಮೊಳಕೆಯ ಚಿತ್ರದಿಂದ ಹುಟ್ಟಿದ ಅಕ್ಷರ ಇದು. ಇಲ್ಲಿ ಒಂದನೇ ಕ್ಲಾಸಿನ ಮಕ್ಕಳೇ ಕಲೀತಾರೆ.

ನನಗೆ ಇದು 'ಸೇ' ಅಂತ ಗೊತ್ತಿತ್ತು. ಗಕುಸೇ ಅಂದ್ರೆ ವಿದ್ಯಾರ್ಥಿ. ಸೆನ್ಸೇ ಅಂದ್ರೆ ಮೇಷ್ಟ್ರು, ಅಕ್ಷರಕ್ಕೆ ಅಕ್ಷರ ಹಿಡಿದರೆ 'ಮೊದಲು ಹುಟ್ಟಿದವರು'. ಅದಕ್ಕೇ ಬೋರ್ಡನ್ನ 'ಸೇಗೊಮಿ' ಅಂತ ಓದಿದೆ. ಪಕ್ಕದ ಮನೆ ಅಜ್ಜಿ ನಿಧಾನಕ್ಕೆ, ಎರಡು ಸಲ ಹೇಳಿಕೊಟ್ರು: "ನಮಗೊಮಿ." ನನ್ನ ಚೀಲ ತೋರಿಸಿ, ನೀರು ಹಿಂಡಿ ತರಬೇಕು ಅಂತಾನೂ ಹೇಳಿದ್ರು. ಬೋರ್ಡಲ್ಲಿ ಬರೆದಿದ್ದೂ ಅದೇ.

ಒಂದೇ ಅಕ್ಷರಕ್ಕೆ ಎರಡು ಓದು ಯಾಕೆ? ನೀರು ಅನ್ನೋದಕ್ಕೆ ನಮ್ಮಲ್ಲೂ ಒಂದು ಚಿತ್ರ ಇತ್ತು ಅಂದ್ಕೊಳ್ಳಿ. ಅದು ಒಂಟಿಯಾಗಿ ನಿಂತರೆ 'ನೀರು' ಅಂತ ಓದ್ತೀವಿ, 'ಆಶಯ'ದ ಪಕ್ಕ ಬಂದರೆ 'ಜಲ'. ಒಂದು ಮನೆಮಾತು, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಇಲ್ಲೂ ಹಾಗೇ. ಚೀನಾದಿಂದ ಬಂದ ಓದಿಗೆ ಒನ್‌ಯೊಮಿ ಅಂತಾರೆ, ಜಪಾನಿನದೇ ಮಾತಿಗೆ ಕುನ್‌ಯೊಮಿ. ಚೀನಾದಿಂದಲೂ ಒಂದೇ ಸಲ ಬರಲಿಲ್ಲ. ಮೊದಲು ಬಂದದ್ದು 'ಶೋ', ಆಮೇಲೆ ಬಂದದ್ದು 'ಸೇ'. ಹಾಗಾಗಿ ಒಂದು ಜನ್ಮ ಅನ್ನೋದು ಇಶ್ಶೋ. ಹುಟ್ಟುಹಬ್ಬ ತಂಜೋಬಿ, ಅಲ್ಲಿ 'ಶೋ' ಮೆತ್ತಗಾಗಿ 'ಜೋ' ಆಗಿದೆ. ದಿನಬಳಕೆಗೆ ಅಂತ ಜಪಾನ್ ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಇಂಥ 2136 ಅಕ್ಷರ, ಅಂದ್ರೆ ಕಾಂಜಿ, ಇವೆ. ಅದರಲ್ಲಿ ಈ ಒಂದಕ್ಕೇ 12 ಓದು.

ಹನ್ನೆರಡನ್ನೂ ಉರು ಹೊಡೀತಾ ಕೂತಿದ್ದೆ. ಬೆಂಗಳೂರಿಂದ ಅಮ್ಮನ ವಿಡಿಯೋ ಕಾಲ್. "ಅಲ್ಲೂ ಹಸಿ ಕಸ, ಒಣ ಕಸ ಬೇರೆ ಮಾಡ್ಬೇಕೇನೋ?"

ಹಸಿ ಕಸ. ನಮಗೊಮಿ. ಪೆನ್ನು ಅಲ್ಲೇ ನಿಂತುಹೋಯ್ತು.

ಇಲ್ಲಿ ನಮ-ತಮಗೊ ಅಂದ್ರೆ ಹಸಿ ಮೊಟ್ಟೆ. ಅದೇ ಅಕ್ಷರವನ್ನ ಉಮರೆರು ಅಂತ ಓದಿದರೆ ಹುಟ್ಟೋದು, ಹಯೆರು ಅಂತ ಓದಿದರೆ ಹುಲ್ಲು, ಗಿಡ, ಹಲ್ಲು ಮೂಡೋದು. ಹುಲ್ಲುಹಾಸಿಗೆ ಶಿಬಫು ಅಂತಾರೆ, ಅಲ್ಲೂ ಇದೇ ಅಕ್ಷರ, ಓದು ಮಾತ್ರ ಈ ಹನ್ನೆರಡರಲ್ಲಿ ಇಲ್ಲ. ಈಗ ಕನ್ನಡಕ್ಕೆ ಬನ್ನಿ. ಹಸಿ, ಹಸಿರು, ಹಸುಳೆ, ಹಸುಗೂಸು. ಎಲ್ಲ ಒಂದೇ ಬೇರಿನ ಮಾತುಗಳು. ಹೆರಿಗೆಯಾಗಿ ನಾಲ್ಕು ದಿನವೂ ಆಗದವಳನ್ನ ಹಸಿ ಬಾಣಂತಿ ಅಂತೀವಲ್ಲ! ಬೇಯದ್ದು, ಚಿಗುರಿದ್ದು, ಈಗಷ್ಟೇ ಹುಟ್ಟಿದ್ದು, ಮೂರನ್ನೂ ಒಂದೇ ಬೇರು ಹೊತ್ತಿದೆ. ಎರಡು ಭಾಷೆಗೂ ನಂಟಿದೆ ಅಂತ ನಾನು ಹೇಳ್ತಿಲ್ಲ. ಆದರೆ ಅವರು ಒಂದು ಅಕ್ಷರದಲ್ಲಿ ಹಿಡಿದಿಟ್ಟದ್ದನ್ನ ನಮ್ಮವರು ಒಂದು ಸದ್ದಿನಲ್ಲಿ ಹಿಡಿದಿದ್ದಾರೆ. ನನಗೆ ಇದಕ್ಕಿಂತ ದೊಡ್ಡ ಖುಷಿ ಈ ವರ್ಷ ಸಿಕ್ಕಿಲ್ಲ.

ಇನ್ನೊಂದಿದೆ. ಇದೇ ಅಕ್ಷರ 'ಕಿ' ಆದಾಗ ಬೆರಕೆಯಿಲ್ಲದ್ದು, ಶುದ್ಧವಾದದ್ದು ಅನ್ನೋ ಅರ್ಥ. ಮಜಿಮೆ ಅಂದ್ರೆ ಶ್ರದ್ಧೆಯ ಮನುಷ್ಯ, ಕಿಮಜಿಮೆ ಅಂದ್ರೆ ಅಪ್ಪಟ ಶ್ರದ್ಧೆಯವನು. ನಾವೂ ಅಪ್ಪಟ ಸುಳ್ಳಿಗೆ ಹಸಿ ಸುಳ್ಳು ಅಂತೀವಿ.

ಎಲ್ಲ ಕಡೆ ಹೀಗೆ ಕೂಡಿಬರಲ್ಲ. ಇಕಿರು ಅಂದ್ರೆ ಬದುಕೋದು, ಅದು 'ಹಸಿ'ಯ ಒಳಗೆ ಬರಲ್ಲ. ನಮ-ಹೋಸೋ, ಅಕ್ಷರಕ್ಕೆ ಅಕ್ಷರ ಹಿಡಿದರೆ 'ಹಸಿ ಪ್ರಸಾರ', ನಮಗೆ ನೇರ ಪ್ರಸಾರ.

ಪುಸ್ತಕದಲ್ಲಿ ಹನ್ನೆರಡು ಸಾಲು ಗೀಚಿಟ್ಟಿದ್ದೀನಿ. ಪ್ರತಿ ಓದನ್ನೂ ಎಲ್ಲಿ ಕೇಳಿದೆ, ಯಾರ ಬಾಯಲ್ಲಿ ಕೇಳಿದೆ ಅಂತ ಬರೀತೀನಿ. 'ನಮ' ಎದುರಿಗೆ ಪಕ್ಕದ ಮನೆ ಅಜ್ಜಿ ಇದ್ದಾರೆ. 'ಒಉ' ಅನ್ನೋ ಸಾಲು ಮಾತ್ರ ಇನ್ನೂ ಖಾಲಿ.