ಹುವಾ ಹಿನ್‌ನಲ್ಲಿ ಭಾವನ ಗಾಲ್ಫು

ಇದು ಕಾರವಾರ. ಕಾಜುಬಾಗದ ನಮ್ಮ ಮನೆಯ ಜಗಲಿ. ಹಿಂದೆ ಕೇಳುತ್ತಿರುವುದು ಮೈಕಿನ ತೊಂದರೆ ಅಲ್ಲ, ಹಂಚಿನ ಮೇಲೆ ಸುರಿಯುತ್ತಿರುವ ಜುಲೈ ಮಳೆ. ಮೇಜಿನ ಮೇಲಿನ ಕಾಗದದಲ್ಲಿ ಐದು ಗಾಲ್ಫ್ ಕೋರ್ಸುಗಳ, ಅಂದರೆ ಮೈದಾನಗಳ, ಹೆಸರಿವೆ. ಅದರಲ್ಲಿ ಮೂರನ್ನು ಆರಿಸಬೇಕು. ಎದುರಿಗೆ ಕೂತು ಚಹಾದಲ್ಲಿ ಬಿಸ್ಕಿಟ್ ಅದ್ದುತ್ತಿರುವವರು ನಮ್ಮ ಭಾವ. ಮೂಲ ಶಿರಸಿ ಕಡೆಯವರು. ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಗಾಲ್ಫ್ ಹುಚ್ಚು ಹತ್ತಿದ್ದು ಅಲ್ಲೇ. ನನಗೆ ಹತ್ತಿಸಿದವರೂ ಅವರೇ.

ಪ್ರವಾಸ ಹೊರಟಿರುವುದು ಹುವಾ ಹಿನ್‌ಗೆ. ಥಾಯ್ಲೆಂಡಿನ ಕಡಲೂರು, ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ಥಾಯ್ ಭಾಷೆಯಲ್ಲಿ ಹುವಾ ಅಂದರೆ ತಲೆ, ಹಿನ್ ಅಂದರೆ ಕಲ್ಲು. ಕಲ್ಲುತಲೆ. ಇದನ್ನು ಹೇಳಿದ ಕೂಡಲೇ ಅಕ್ಕ ಒಳಗಿನಿಂದ, "ಹಾಗಾದ್ರೆ ನಿಮ್ಮ ಭಾವನಿಗೆ ಸರಿಯಾದ ಊರು" ಅಂದಳು.

"ಮಳೆಗಾಲದಲ್ಲಿ ಯಾರಾದ್ರೂ ಗಾಲ್ಫ್ ಆಡೋಕೆ ಹೋಗ್ತಾರಾ?" ಅಂತ ಎಲ್ಲರೂ ಕೇಳಿದರು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದೇ ಘಟ್ಟ ಹತ್ತಿ ಹಳಿಯಾಳ, ಮುಂಡಗೋಡ ಕಡೆ ಹೋದರೆ ಅದರ ಅರ್ಧವೂ ಇಲ್ಲ. ಮೋಡ ಒಂದೇ, ಘಟ್ಟ ಮಧ್ಯ ಅಡ್ಡ ನಿಂತಿದೆ ಅಷ್ಟೆ. ಹುವಾ ಹಿನ್ ಕೂಡ ಹಾಗೇ. ಮ್ಯಾನ್ಮಾರ್ ಗಡಿಯುದ್ದಕ್ಕೂ ತೆನಸ್ಸೆರಿಮ್ ಬೆಟ್ಟಗಳ ಸಾಲಿದೆ. ನೈರುತ್ಯ ಮಳೆ ಆ ಕಡೆಯೇ ಸುರಿದು ಮುಗಿಸುತ್ತದೆ. ಈ ಕಡೆ ವರ್ಷವಿಡೀ ಬೀಳುವುದು ಸುಮಾರು 1,000 ಮಿಲಿಮೀಟರ್. ಅಂದರೆ ಹತ್ತಿರಹತ್ತಿರ ಕಾರವಾರದ ಒಂದು ಜುಲೈ. ಅಲ್ಲಿ ಜಾಸ್ತಿ ಮಳೆ ಅಕ್ಟೋಬರ್ ಸುಮಾರಿಗೆ. ನವೆಂಬರ್‌ನಿಂದ ಫೆಬ್ರವರಿ ತಂಪು, ಆದರೆ ಆಗ ಜನವೂ ಜಾಸ್ತಿ, ದುಡ್ಡೂ ಜಾಸ್ತಿ. ನಾವು ಆಗಸ್ಟ್ ಅಂತ ಗೊತ್ತು ಮಾಡಿದೆವು.

ಈಗ ಆ ಐದು ಹೆಸರು. ರಾಯಲ್ ಹುವಾ ಹಿನ್. ಬ್ಲ್ಯಾಕ್ ಮೌಂಟನ್. ಪೈನಾಪಲ್ ವ್ಯಾಲಿ. ಸ್ಪ್ರಿಂಗ್‌ಫೀಲ್ಡ್. ಸೀ ಪೈನ್.

ಭಾವನ ಬೆರಳು ನೇರ ಬ್ಲ್ಯಾಕ್ ಮೌಂಟನ್ ಮೇಲೆ. 2007ರಲ್ಲಿ ಶುರುವಾದದ್ದು, ಬೆಟ್ಟದ ಬುಡದಲ್ಲಿದೆ. 2015ರಲ್ಲಿ ಯುರೋಪಿಯನ್ ಟೂರ್ ಪಂದ್ಯವೇ ಅಲ್ಲಿ ನಡೆದಿತ್ತು. "ಟೀವಿಯಲ್ಲಿ ಬಂದ ಕೋರ್ಸ್ ಬಿಟ್ಟು ವಾಪಸ್ ಬಂದ್ರೆ ಮರ್ಯಾದೆ ಇರ್ತದಾ ತಮಾ? ಮೊದಲ ದಿನವೇ ಅಲ್ಲಿಗೆ."

ನನ್ನ ಲೆಕ್ಕ ಬೇರೆ ಇತ್ತು, ಕಷ್ಟದ ಕೋರ್ಸ್ ಮೊದಲ ದಿನವೇ ಬೇಡ ಅಂತ. ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಕೋರ್ಸಿಗೂ ಸ್ಲೋಪ್ ಅಂತ ಒಂದು ಅಂಕಿ ಇರುತ್ತದೆ. 55ರಿಂದ 155ರ ತನಕ. 113 ಅಂದರೆ ಸಾಧಾರಣ. ಒಳ್ಳೆಯ ಆಟಗಾರನಿಗಿಂತ ನನ್ನಂಥವನಿಗೆ ಆ ಕೋರ್ಸ್ ಎಷ್ಟು ಜಾಸ್ತಿ ಕಾಟ ಕೊಡುತ್ತದೆ ಅನ್ನುವುದನ್ನು ಈ ಅಂಕಿ ಹೇಳುತ್ತದೆ. ಟೀ ಬದಲಾದರೆ ಇದೂ ಬದಲಾಗುತ್ತದೆ. ಟೀ ಅಂದರೆ ಪ್ರತಿ ಹೋಲ್‌ನಲ್ಲೂ, ಅಂದರೆ ಒಂದೊಂದು ಗುಳಿಯ ಆಟದಲ್ಲೂ, ಮೊದಲ ಹೊಡೆತ ಹೊಡೆಯುವ ಜಾಗ. ಹಿಂದಿನ ಟೀಯಿಂದ ಆಡಿದರೆ 18 ಹೋಲ್ ಸೇರಿ 7,000 ಗಜ ದಾಟುವ ಕೋರ್ಸು, ಮುಂದಿನ ಟೀಗೆ ಬಂದರೆ ಉದ್ದದಲ್ಲಿ ಸಾವಿರಕ್ಕೂ ಹೆಚ್ಚು ಗಜ ಇಳಿಯುತ್ತದೆ. ಫೋಟೋ ನೋಡಿ ಕೋರ್ಸ್ ಆರಿಸುವವರು ಈ ಅಂಕಿ ನೋಡುವುದೇ ಇಲ್ಲ. ನಮ್ಮ ಭಾವನೂ ನೋಡುವುದಿಲ್ಲ.

ಇನ್ನೊಂದು ವಿಷಯ ನನಗೂ ನಕಾಶೆ ನೋಡಿದ ಮೇಲೆಯೇ ಗೊತ್ತಾದದ್ದು. ಕಡಲೂರಿನ ಗಾಲ್ಫ್ ಅಂದರೆ ಚೆಂಡು ಹೊಡೆದರೆ ಅಲೆ ಕಾಣಬೇಕು ಅಂದುಕೊಂಡಿದ್ದೆ. ಈ ಊರಲ್ಲಿ ಹೆಚ್ಚಿನ ಕೋರ್ಸುಗಳಿರುವುದು ಒಳಗೆ, ಬೆಟ್ಟದ ಕಡೆ. ಸಮುದ್ರಕ್ಕೆ ಅಂಟಿಕೊಂಡಿರುವುದು ಸೀ ಪೈನ್ ಮಾತ್ರ. ಅದನ್ನು ನಡೆಸುವವರು ಅಲ್ಲಿನ ಭೂಸೈನ್ಯದವರು. ಭಾವ ಮೂಗು ಮುರಿದರು. ನೌಕಾಪಡೆಯವರು ಸೈನ್ಯದ ಮೈದಾನದಲ್ಲಿ ಸೋತರೆ ಹೇಗೆ ಅನ್ನುವ ಚಿಂತೆ ಇರಬೇಕು.

ಪೈನಾಪಲ್ ವ್ಯಾಲಿ ನನ್ನ ಇಷ್ಟ. ಮೊದಲು ಬನ್ಯನ್ ಅನ್ನುವ ಹೆಸರಿತ್ತು. ಅನಾನಸ್ ತೋಟ ಇದ್ದ ಜಾಗ. ಹುವಾ ಹಿನ್ ಇರುವ ಪ್ರಾಂತ್ಯ ಥಾಯ್ಲೆಂಡಿನಲ್ಲೇ ಅನಾನಸ್‌ಗೆ ಹೆಸರುವಾಸಿ. "ಅನಾನಸ್ ನೋಡೋಕೆ ವಿಮಾನ ಹತ್ತಬೇಕಾ? ಬನವಾಸಿಗೆ ಬಸ್ಸಿದೆ" ಅಂದರು ಭಾವ. ಹೋಯಿತು ಅದು. ಸ್ಪ್ರಿಂಗ್‌ಫೀಲ್ಡ್ ಜ್ಯಾಕ್ ನಿಕ್ಲಾಸ್ ವಿನ್ಯಾಸ ಮಾಡಿದ್ದು, ಗಾಲ್ಫಿನಲ್ಲಿ ದೊಡ್ಡ ಹೆಸರು. ಆದರೆ ಅದು ಉತ್ತರಕ್ಕೆ ಪಕ್ಕದ ಚಾ-ಆಮ್‌ನಲ್ಲಿದೆ, ನಮ್ಮ ಜೊತೆ ಅಕ್ಕ ಇದ್ದಾಳೆ. ಅವಳು ಗಾಲ್ಫ್ ಆಡುವುದಿಲ್ಲ. ನಮ್ಮ ಆಟ ಮುಗಿಯುವ ತನಕ ಐದು ತಾಸು ಅವಳನ್ನು ಎಲ್ಲಿ ಕೂರಿಸುವುದು?

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ದೊಡ್ಡದಾಗಿ ಬರೆದಿರುವ ಗ್ರೀನ್ ಫೀ, ಅಂದರೆ ಮೈದಾನದಲ್ಲಿ ಆಡಲು ಕೊಡುವ ದುಡ್ಡು, ಅದೊಂದನ್ನೇ ನೋಡಬೇಡಿ. ಆಟದಲ್ಲಿ ಜೊತೆಗಿದ್ದು ಸಹಾಯ ಮಾಡುವ ಕ್ಯಾಡಿ ಬೇರೆ, ಮೈದಾನದಲ್ಲಿ ಓಡಾಡುವ ಸಣ್ಣ ಗಾಡಿ ಕಾರ್ಟ್ ಬೇರೆ, ಕೊನೆಗೆ ಕ್ಯಾಡಿಯ ಕೈಗೆ ಕೊಡುವ ಟಿಪ್ ಬೇರೆ. ಥಾಯ್ಲೆಂಡಿನಲ್ಲಿ ಕ್ಯಾಡಿ ಬೇಡ ಅನ್ನುವ ಮಾತೇ ಇಲ್ಲ, ಒಬ್ಬ ಆಟಗಾರನಿಗೆ ಒಬ್ಬರು. ನಾಲ್ಕನ್ನೂ ಕೂಡಿಸಿ, ಆಮೇಲೆ ಎರಡು ಕೋರ್ಸುಗಳ ನಡುವೆ ಯಾವುದು ಅಗ್ಗ ಅಂತ ನೋಡಿ.

ಕೊನೆಗೆ ತೀರ್ಮಾನ: ಬ್ಲ್ಯಾಕ್ ಮೌಂಟನ್, ರಾಯಲ್ ಹುವಾ ಹಿನ್, ಸೀ ಪೈನ್. ಇದೇ ಕ್ರಮದಲ್ಲಿ. ಕ್ರಮದ ವಿಷಯದಲ್ಲಿ ನಾನು ಸೋತೆ. ಹಿರಿಯರು, ಏನು ಮಾಡೋದು.

ಈಗ ನೀವು ನೋಡುತ್ತಿರುವುದು ಪಂಚಗಂಗಾ ಎಕ್ಸ್‌ಪ್ರೆಸ್. ಕಾರವಾರದಿಂದ ಬೆಂಗಳೂರಿಗೆ ರಾತ್ರಿ ಪ್ರಯಾಣ. ಸೀಟಿನ ಕೆಳಗೆ ಎರಡು ಉದ್ದನೆಯ ಚೀಲ ತುರುಕಲು ನಾವು ಪಟ್ಟ ಪಾಡು ಇದು. ಅಂಕೋಲೆಯಲ್ಲಿ ಹತ್ತಿದ ಒಬ್ಬರು ತುಂಬ ಹೊತ್ತು ನೋಡಿ, "ಯಕ್ಷಗಾನದ ಸಾಮಾನಾ?" ಅಂತ ಕೇಳಿದರು. ಭಾವ ಗಂಭೀರವಾಗಿ, "ಹೌದು, ಆಟಕ್ಕೇ ಹೊರಟಿದ್ದು" ಅಂದರು.

ಬೆಂಗಳೂರಿನಿಂದ ವಿಮಾನ, ಬ್ಯಾಂಕಾಕ್‌ನಿಂದ ಕಾರು. ನಿದ್ದೆ ಇಲ್ಲ. ಗಡಿಯಾರ ಬೇರೆ ಒಂದೂವರೆ ತಾಸು ಮುಂದೆ ಓಡಿತ್ತು. ಮಾರನೇ ದಿನ ಬೆಳಿಗ್ಗೆ ಬ್ಲ್ಯಾಕ್ ಮೌಂಟನ್.

ಈ ಭಾಗದಲ್ಲಿ ನನ್ನ ಮುಖ ಜಾಸ್ತಿ ತೋರಿಸಿಲ್ಲ, ಕಾರಣ ನಿಮಗೇ ಗೊತ್ತಾಗುತ್ತದೆ. ಜಾಗ ಚಂದ, ಎರಡು ಮಾತಿಲ್ಲ. ಹಿಂದೆ ಕಪ್ಪು ಬೆಟ್ಟ, ಮುಂದೆ ಹಸಿರು, ನಡುವೆ ನೀರು. ನನ್ನ ಚೆಂಡುಗಳಿಗೆ ಆ ನೀರೇ ಇಷ್ಟವಾಯಿತು. ಒಂಬತ್ತು ಹೋಲ್ ಮುಗಿಯುವಾಗ ಏಳು ಚೆಂಡು ಕಳೆದಿದ್ದೆ. ಭಾವ ಹಟ ಹಿಡಿದು ಹಿಂದಿನ ಟೀಗಳಲ್ಲಿ ಒಂದನ್ನು ಆರಿಸಿದ್ದರು. ಹನ್ನೊಂದನೇ ಹೋಲ್ ಹೊತ್ತಿಗೆ ಅವರೇ, "ಮುಂದಿನ ಟೀಗೆ ಹೋಗೋಣ್ವಾ, ನಿನಗೆ ಸುಲಭ ಆಗ್ತದೆ" ಅಂದರು. ನನಗಂತೆ!

ಅಲ್ಲಿ ನಡೆದ ಒಂದು ಘಟನೆ ಮಾತ್ರ ನಿಧಾನವಾಗಿ ಹೇಳಬೇಕು. ಕ್ಯಾಡಿಗಳು ಹೆಚ್ಚಾಗಿ ಹೆಂಗಸರು. ಉದ್ದ ತೋಳಿನ ಅಂಗಿ, ದೊಡ್ಡ ಟೊಪ್ಪಿ, ಮುಖಕ್ಕೆ ಬಟ್ಟೆ. ನಮ್ಮ ಕಡೆ ನಟ್ಟಿ ಗದ್ದೆಯಲ್ಲಿ ಬಿಸಿಲಿಗೆ ತಲೆ ಮುಚ್ಚಿಕೊಳ್ಳುವ ಹಾಗೆ. ಕಣ್ಣು ಮಾತ್ರ ಕಾಣುತ್ತದೆ, ಆದರೆ ಆ ಕಣ್ಣು ಏನನ್ನೂ ಬಿಡುವುದಿಲ್ಲ. ಭಾವನ ಕ್ಯಾಡಿ ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ ಹೋಗಿ ಅವರ ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಹುಲ್ಲು ಯಾವ ಕಡೆ ಮಲಗಿದೆ ಅಂತ ನೋಡಿದರು. ಹುಲ್ಲು ನಮ್ಮ ಕಡೆ ಬಾಗಿದ್ದರೆ ಚೆಂಡು ನಿಧಾನ, ಆಚೆ ಬಾಗಿದ್ದರೆ ಜಾರಿಕೊಂಡು ಹೋಗುತ್ತದೆ. ಚೆಂಡನ್ನು ಎತ್ತಿ ಒರೆಸಿ, ಅದರ ಮೇಲಿನ ಗೆರೆ ಎತ್ತ ನೋಡಬೇಕೋ ಅತ್ತ ತಿರುಗಿಸಿ ಇಟ್ಟರು. ಆಮೇಲೆ ಎದ್ದು ನಿಂತು, ಭಾವನ ಮುಖ ನೋಡಿ, ತುಂಬ ಮೆತ್ತಗೆ ಹೇಳಿದರು:

"ಸಾಯ್."

ಭಾವ ಪಟರ್, ಅಂದರೆ ಪಟ್ ಮಾಡುವ (ಚೆಂಡನ್ನು ಗುಳಿಯತ್ತ ಉರುಳಿಸುವ) ಕೋಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಆಯಮ್ಮ ಕೈ ಸನ್ನೆ ಮಾಡಿ ಮತ್ತೆ, "ಸಾಯ್, ಸಾಯ್" ಅಂದರು. ಭಾವ ನನ್ನ ಕಡೆ ತಿರುಗಿ, "ನಾನೆಂತ ಮಾಡ್ದೆ ಮಾರಾಯ?" ಅಂದರು.

ಥಾಯ್ ಭಾಷೆಯಲ್ಲಿ ಸಾಯ್ ಅಂದರೆ ಎಡಗಡೆ. ಎಡಕ್ಕೆ ಹೊಡಿ ಅಂತ. ಬಲಗಡೆಗೆ ಖ್ವಾ. ಅರ್ಥ ಗೊತ್ತಾದ ಮೇಲೆ ನಗು ತಡೆಯೋಕೆ ಆಗಲಿಲ್ಲ. ಆಯಮ್ಮನಿಗೂ ಕೈಬಾಯಿ ಸನ್ನೆಯಲ್ಲಿ ಕನ್ನಡದ ಅರ್ಥ ವಿವರಿಸಿದೆವು. ಅಲ್ಲಿಂದ ಕೊನೆಯ ಹೋಲ್ ತನಕ ಎಡಕ್ಕೆ ತಿರುಗುವ ಪ್ರತಿ ಪಟ್‌ಗೂ ಅವರು ಬೇಕು ಅಂತಲೇ ಜೋರಾಗಿ ಹೇಳುತ್ತಿದ್ದರು. ಅವರ ಮಾತು ಕೇಳಿ ಹೊಡೆದ ಆ ಮೊದಲ ಪಟ್ ಮಾತ್ರ ಗುಳಿಗೆ ಬಿದ್ದಿತು. ಇಡೀ ದಿನದಲ್ಲಿ ಭಾವನಿಗೆ ಸಿಕ್ಕ ಒಂದೇ ಪಾರ್ ಅದು, ಅಂದರೆ ಹೋಲ್‌ಗೆ ಗೊತ್ತು ಮಾಡಿದಷ್ಟೇ ಹೊಡೆತದಲ್ಲಿ ಮುಗಿಸಿದ್ದು.

ಒಂದು ದಿನ ಬಿಡುವು ಕೊಟ್ಟು ರಾಯಲ್ ಹುವಾ ಹಿನ್. ಯಾರಾದರೂ ಈ ಊರಿಗೆ ಹೋಗಿ ಒಂದೇ ಕೋರ್ಸ್ ಆಡುವುದಾದರೆ ನಾನು ಇದನ್ನೇ ಹೇಳುತ್ತೇನೆ. ಇದಕ್ಕಿಂತ ನುಣ್ಣಗಿನ ಗ್ರೀನ್ ಬೇರೆ ಕಡೆ ಇವೆ. ಆದರೂ ಇದೇ. ಈ ಊರಿಗೆ ರೈಲು ಬಂದದ್ದು 1911ರಲ್ಲಿ. ರೈಲಿನ ಜೊತೆ ಬ್ಯಾಂಕಾಕ್‌ನ ದೊಡ್ಡ ಮನುಷ್ಯರು ಬಂದರು, ಅವರಿಗೆ ಅಂತ ಹೋಟೆಲು ಬಂತು, 1924ರಲ್ಲಿ ಈ ಗಾಲ್ಫ್ ಮೈದಾನ ಬಂತು. ಮಾಡಿದವರು ಎ. ಒ. ರಾಬಿನ್ಸ್, ಸ್ಕಾಟ್ಲೆಂಡಿನ ರೈಲ್ವೆ ಎಂಜಿನಿಯರ್. ಥಾಯ್ಲೆಂಡಿನ ಮೊದಲ ಪೂರ್ತಿ ಅಳತೆಯ ಕೋರ್ಸ್ ಇದು. ನಮ್ಮಲ್ಲಿ ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ. ಹಾಗಾಗಿ ಭಾವ ಸಮಾಧಾನ ಹೇಳಿದರು, "ಕಾರವಾರಕ್ಕೂ ಗಾಲ್ಫ್ ಬರ್ತದೆ, ಇನ್ನೂ ಟೈಮ್ ಇದೆ."

ಇಲ್ಲಿ ಕಾಣುತ್ತಿದೆಯಲ್ಲ, ಕೆಂಪು ಮತ್ತು ಕೆನೆ ಬಣ್ಣದ ಮರದ ಕಟ್ಟಡ, ಅದು ಹಳೇ ರೈಲ್ವೆ ನಿಲ್ದಾಣ. ಗಾಲ್ಫ್ ಮೈದಾನ ಅದರ ಹಿಂದೆಯೇ. 2023ರ ಕೊನೆಯಿಂದ ರೈಲು ನಿಲ್ಲುವುದು ಪಕ್ಕದ ಹೊಸ, ಎತ್ತರದ ನಿಲ್ದಾಣದಲ್ಲಿ. ಹಳೆಯದು ಈಗ ಫೋಟೋ ತೆಗೆಯುವವರ ಪಾಲು. ಅಕ್ಕ ಅಲ್ಲಿ ಒಂದು ತಾಸು ಕಳೆದು, ನಡೆದುಕೊಂಡೇ ಪೇಟೆಗೆ ಹೋಗಿ, ಒಣಮೀನಿನ ಅಂಗಡಿ ಮುಂದೆ ನಿಂತು ದರ ವಿಚಾರಿಸಿ, "ಕಾರವಾರವೇ ಸೋವಿ" ಅಂತ ತೀರ್ಪು ಕೊಟ್ಟು ಬಂದಳು. ನಾವು ಹದಿನೆಂಟು ಹೋಲ್ ಮುಗಿಸುವ ಹೊತ್ತಿಗೆ ಅವಳು ಎಳನೀರು ಕುಡಿಯುತ್ತ ಕೂತಿದ್ದಳು. ಆಡದವರು ಜೊತೆಗಿದ್ದರೆ ಊರ ನಡುವಿನ ಕೋರ್ಸ್ ಆರಿಸಿ, ಮನೆಯಲ್ಲಿ ಶಾಂತಿ ಇರುತ್ತದೆ.

ಇದೇ ಊರಿನಲ್ಲಿ ಥಾಯ್ಲೆಂಡಿನ ರಾಜ ಏಳನೇ ರಾಮ ಕಟ್ಟಿಸಿದ ಕ್ಲಾಯ್ ಕಾಂಗ್ವೊನ್ ಅರಮನೆ ಇದೆ. ಹೆಸರಿನ ಅರ್ಥ "ಚಿಂತೆಯಿಂದ ದೂರ". 1932ರ ಜೂನ್ 24ರಂದು ಬ್ಯಾಂಕಾಕ್‌ನಲ್ಲಿ ಕ್ರಾಂತಿಯಾಗಿ ರಾಜನ ಸರ್ವಾಧಿಕಾರ ಹೋದಾಗ ಅವನು ಇದ್ದದ್ದು ಇಲ್ಲೇ. ಸುದ್ದಿ ಬಂದಾಗ ಗಾಲ್ಫ್ ಆಡುತ್ತಿದ್ದ ಅಂತಲೂ ಹೇಳುತ್ತಾರೆ. ಭಾವನಿಗೆ ಇದು ತುಂಬ ಹಿಡಿಸಿತು. "ಆಟ ಪೂರ್ತಿ ಮಾಡಿದ್ನಂತಾ?" ಅಂತ ಎರಡು ಸಲ ಕೇಳಿದರು.

ಕೊನೆಯದು ಸೀ ಪೈನ್. ಬೆಳಿಗ್ಗೆ ಬೇಗ ಹೋದೆವು. ಕಾರವಾರದವರಿಗೆ ಸೂರ್ಯ ಸಮುದ್ರದಲ್ಲಿ ಮುಳುಗಿಯೇ ಅಭ್ಯಾಸ. ಇಲ್ಲಿ ಸಮುದ್ರ ಪೂರ್ವಕ್ಕೆ, ಸೂರ್ಯ ನೀರಿನಿಂದ ಮೇಲೆ ಬರುತ್ತಾನೆ. ನನಗೆ ದಿಕ್ಕೇ ತಪ್ಪಿದ ಹಾಗಾಯಿತು. ಸಮುದ್ರದ ಬದಿಯ ಹೋಲ್‌ಗೆ ಬಂದಾಗ ಗಾಳಿ ಎದುರಿನಿಂದ. ಅಲ್ಲಿ ಸಾಲಾಗಿ ನಿಂತಿದ್ದದ್ದು ನಮ್ಮ ಗಾಳಿಮರ. ಅದೇ ದೇವಬಾಗ, ಮಾಜಾಳಿ ಕಡೆಯ ಗಾಳಿಮರ, ಅದೇ ಸುಂಯ್ ಅನ್ನುವ ಸದ್ದು, ಕೆಳಗೆ ಅದೇ ಜಾರುವ ಒಣ ಸೂಜಿಯೆಲೆ. ನನ್ನ ಚೆಂಡು ಆ ಎಲೆಗಳ ಮೇಲೆ ಬಿತ್ತು. ಇನ್ನೂರು ಗಜ ಹೊಡೆಯುವ ಉತ್ಸಾಹ ಬಿಟ್ಟು ಸಣ್ಣ ಹೊಡೆತದಲ್ಲಿ ಹೊರಗೆ ತಂದೆ. ಬಾಲ್ಯದಲ್ಲಿ ಗಾಳಿಮರದ ಕೆಳಗೆ ಕ್ರಿಕೆಟ್ ಆಡಿದವರಿಗೆ ಗೊತ್ತು, ಆ ಎಲೆ ಮೇಲೆ ಕಾಲು ಊರಿ ಜೋರಾಗಿ ಬೀಸಿದರೆ ಮೊದಲು ಬೀಳುವುದು ನಾವೇ. ಭಾವ ಬೀಸಿದರು. ಬಿದ್ದರು. ಆ ದೃಶ್ಯ ಹಾಕಬಾರದು ಅಂತ ಕಟ್ಟಪ್ಪಣೆ ಆಗಿದೆ, ಹಾಗಾಗಿ ಸಮುದ್ರ ನೋಡಿ.

ಆ ದಿನ ಸೈನ್ಯದ ಮೈದಾನದಲ್ಲಿ ಭಾವ ನನ್ನನ್ನು ಒಂದೇ ಹೊಡೆತದಿಂದ ಸೋಲಿಸಿದರು. ನಾನು ಬಿಟ್ಟುಕೊಟ್ಟೆ ಅಂತ ಅಕ್ಕನಿಗೆ ಅನುಮಾನ. ಇಲ್ಲ, ನಿಜವಾಗಿ ಸೋತದ್ದು.

ಇದು ವಾಪಸ್ ಬಂದ ದಿನ. ಮತ್ತೆ ಕಾರವಾರ, ಮತ್ತೆ ಮಳೆ. ಭಾವ ಪಕ್ಕದ ಮನೆಯವರ ಕಾರನ್ನು ಹಿಂದಕ್ಕೆ ತೆಗೆಸುತ್ತಿದ್ದಾರೆ. ಗೇಟು ಸಣ್ಣದು, ಬಲಕ್ಕೆ ಗೋಡೆ. ಆ ಹಿರಿಯರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾವ ಕಡೆ ತಿರುಗಿಸಬೇಕು?" ಅಂತ ಕೇಳಿದರು. ಭಾವ ಕೊಡೆ ಹಿಡಿದುಕೊಂಡೇ ಕೈಬೀಸಿ ಕೂಗಿದರು, "ಸಾಯ್! ಸಾಯ್!"

ಕಾರು ಅಲ್ಲೇ ನಿಂತಿತು. ಒಳಗಿನಿಂದ ಅಕ್ಕ ಓಡಿ ಬಂದಳು.