ಮರಿಯನ್ನು ಮಗುಚಿ ಹೊಕ್ಕಳು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ಹತ್ತೋ ಇಪ್ಪತ್ತೋ ಕೋಳಿ ಸಾಕಲು ಹ್ಯಾಚರಿಯಿಂದ ಮರಿ ತರುವವರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಮನೆಗೆಲಸದ ನಡುವೆ ರೇಡಿಯೊ ಕೇಳುತ್ತಿರುವವರು ನಾಲ್ಕರಲ್ಲಿ ಒಂದನ್ನು ನೆನಪಿಟ್ಟುಕೊಂಡರೆ ಅದೇ ಹೆಚ್ಚು. ಆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಡುವ ಮುಂಚೆ ಮರಿಯನ್ನು ಅಂಗೈಯಲ್ಲಿ ಮಗುಚಿ ಹೊಕ್ಕಳು ನೋಡಿ.

ಪಾವಗಡ, ಮಧುಗಿರಿ, ಶಿರಾ ಸೀಮೆಯಲ್ಲಿ ಪಶುವೈದ್ಯನಾಗಿ ದುಡಿದವನು ನಾನು. ಕೋಳಿ ಸಾಕುವವರ ಫೋನ್ ನನಗೆ ಬರುತ್ತಿದ್ದುದು ಮರಿ ಕೊಳ್ಳುವ ಮುಂಚೆ ಅಲ್ಲ, ಕೊಂಡ ನಾಲ್ಕನೆಯ ದಿನ. "ಡಾಕ್ಟರೇ, ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿವೆ, ಯಾವ ಔಷಧಿ ಹಾಕಲಿ?" ನಾನು ಕೇಳುತ್ತಿದ್ದೆ: "ತರುವಾಗ ಹೊಕ್ಕಳು ನೋಡಿದಿರಾ?" ಆ ಕಡೆ ಮೌನ. ಆಮೇಲೆ ಪಕ್ಕದ ಮನೆಯವರ ಕಣ್ಣು ಬಿತ್ತು ಎನ್ನುವುದು, ಲಸಿಕೆ ಸರಿಯಿಲ್ಲ ಎನ್ನುವುದು, ಮೇವಿನ ಅಂಗಡಿಯವನನ್ನು ಬೈಯುವುದು. ಪಕ್ಕದ ಮನೆಯವರು ಏನು ಮಾಡಿಯಾರು, ಪಾಪ! ಆ ಮರಿ ನಿಮ್ಮ ಮನೆಗೆ ಬರುವಾಗಲೇ ಕೆಟ್ಟಿತ್ತು.

ಹೊಕ್ಕಳಿನಲ್ಲಿ ಅಂಥದ್ದೇನಿದೆ? ಮೊಟ್ಟೆಯೊಳಗೆ ಮರಿ ಬೆಳೆಯುವುದು ಇಪ್ಪತ್ತೊಂದು ದಿನ. ಕೊನೆಯ ಎರಡು ಮೂರು ದಿನಗಳಲ್ಲಿ ಉಳಿದ ಹಳದಿ ಭಂಡಾರವೆಲ್ಲ ಹೊಕ್ಕಳಿನ ಮೂಲಕ ಮರಿಯ ಹೊಟ್ಟೆಯೊಳಗೆ ಸೇರುತ್ತದೆ, ಹಿಂದೆಯೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಸೇರಿದ ಹಳದಿಯೇ ಮರಿಯ ಬುತ್ತಿ. ಅದರ ಬಲದಿಂದಲೇ ಮರಿ ಎರಡು ದಿನ ಅನ್ನ ನೀರಿಲ್ಲದೆ ಡಬ್ಬದಲ್ಲಿ ಕೂತು ದೂರದೂರಿನಿಂದ ಬರಬಲ್ಲದು. ಹ್ಯಾಚರಿಯಲ್ಲಿ ಕೊಳಕು ಮೊಟ್ಟೆ ಇಟ್ಟಿದ್ದರೆ, ಯಂತ್ರದ ಕಾವು ಅಥವಾ ತೇವ ಹೆಚ್ಚುಕಡಿಮೆ ಆಗಿದ್ದರೆ ಆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ರೋಗಾಣು ಒಳಗೆ ನುಗ್ಗುತ್ತದೆ, ಬುತ್ತಿಯೇ ಕೊಳೆಯುತ್ತದೆ. ಆಮೇಲೆ ಯಾವ ಔಷಧಿ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇದನ್ನು ನನಗಿಂತ ಚೆನ್ನಾಗಿ ಬಲ್ಲ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಮಧುಗಿರಿ ಕಡೆಯ ಒಂದು ಊರು. ಅಲ್ಲಿನ ಮಹಿಳಾ ಸಂಘದವರು ಸೇರಿ ಒಂದು ಡಬ್ಬ ಮರಿ ತರಿಸಿದ್ದರು. ಡಬ್ಬ ಎಂದರೆ ನಿಮಗೆ ಗೊತ್ತು, ಸುತ್ತಲೂ ತೂತು ಇರುವ ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಖಾನೆ, ಖಾನೆಗೆ ಇಪ್ಪತ್ತೈದು. ನಾನು ಆ ದಿನ ಕುರಿಗಳಿಗೆ ಜಂತುಹುಳದ ಔಷಧಿ ಹಾಕಲು ಅದೇ ಊರಿಗೆ ಹೋಗಿದ್ದೆ. ಮಾರುವ ಹುಡುಗ ಬೈಕಿನಿಂದ ಡಬ್ಬ ಇಳಿಸಿ, "ಎಣಿಸಿಕೊಳ್ಳಿ, ನೂರಕ್ಕೆ ಎರಡು ಹೆಚ್ಚಿಗೆ ಇದೆ" ಎಂದ. ಹೆಂಗಸರು ಎಣಿಸಲು ಕೂತರು. ಆಗ ಈ ಅಜ್ಜಿ ಬಂದಳು. ಜೀವಮಾನವೆಲ್ಲ ನಾಟಿ ಕೋಳಿ ಕಾವಿಗೆ ಕೂರಿಸಿ ಮರಿ ಮಾಡಿಸಿದ ಕೈ. ಸಂಘದ ಸದಸ್ಯೆಯೂ ಅಲ್ಲ, ಸೊಸೆಯ ಪಾಲಿನ ಮರಿ ನೋಡಲು ಬಂದವಳು.

ಅವಳು ಎಣಿಸಲಿಲ್ಲ. ಒಂದು ಮರಿಯನ್ನು ಎತ್ತಿಕೊಂಡಳು, ಅಂಗೈಯಲ್ಲಿ ಬೆನ್ನಡಿಯಾಗಿ ಮಲಗಿಸಿದಳು, ಹೊಟ್ಟೆಯ ಮೇಲಿನ ತುಪ್ಪುಳವನ್ನು ಬಾಯಿಂದ ಉಫ್ ಎಂದು ಊದಿದಳು. ತುಪ್ಪುಳ ಎರಡು ಕಡೆ ಸೀಳಿ ಹೊಕ್ಕಳು ಕಾಣಿಸಿತು. ಒಣಗಿ ಮುಚ್ಚಿತ್ತು. ಎಡಗಡೆಯ ಮಂಕರಿಗೆ ಬಿಟ್ಟಳು. ಇನ್ನೊಂದು. ಅದರ ಹೊಕ್ಕಳಲ್ಲಿ ಕಪ್ಪು ಗುಂಡಿಯಂತೆ ಹಕ್ಕಳೆ, ಸುತ್ತ ಒದ್ದೆ. ಅದನ್ನು ಡಬ್ಬದ ಮುಚ್ಚಳದಲ್ಲಿಟ್ಟಳು. ಮಲಗಿಸಿದ ಕೂಡಲೇ ಕಾಲು ಝಾಡಿಸಿ ಮಗ್ಗುಲಾಗಿ ಎದ್ದ ಮರಿಯನ್ನು ನೋಡಿ "ಇದು ಬದುಕುತ್ತದೆ" ಎನ್ನುತ್ತಿದ್ದಳು. ಕಾಲು ಮೇಲೆ ಮಾಡಿ ಹಾಗೇ ಬಿದ್ದಿದ್ದರೆ ಏನೂ ಹೇಳದೆ ಮುಚ್ಚಳಕ್ಕೆ. ಹುಡುಗನಿಗೆ ಬಿಸಿಲು, ಅವಸರ. "ಅಜ್ಜಿ, ಎಲ್ಲ ಒಂದೇ ಯಂತ್ರದ ಮರಿಗಳು, ಹೀಗೆ ಆರಿಸಲು ಇದು ಬದನೆಕಾಯಲ್ಲ" ಎಂದು ರೇಗಿದ. ಅಜ್ಜಿ ತಲೆ ಎತ್ತದೆಯೇ, "ಬದನೆಕಾಯಿಯಲ್ಲಿ ಹುಳ ಇದ್ದರೆ ಒಂದು ಹೊತ್ತಿನ ಸಾರು ಕೆಡುತ್ತದಪ್ಪ, ಇಲ್ಲಿ ಗೂಡೇ ಖಾಲಿಯಾಗುತ್ತದೆ" ಎಂದಳು. ಹೆಂಗಸರೆಲ್ಲ ನಕ್ಕರು. ಮುಚ್ಚಳ ತುಂಬುತ್ತ ಹೋದ ಹಾಗೆ ನಗು ನಿಂತಿತು.

ಮುಚ್ಚಳದಲ್ಲಿ ಬಿಟ್ಟ ಮರಿಗಳನ್ನು ಅಲ್ಲೇ ಇದ್ದ ಇನ್ನೊಬ್ಬರು ಅರ್ಧ ಬೆಲೆಗೆ ಕೇಳಿದರು. ಹುಡುಗ ಕೊಟ್ಟ. ಮುಂದೇನಾಯಿತು ಎಂದು ಹೇಳಬೇಕೇ? ವಾರ ತುಂಬುವುದರೊಳಗೆ ಅವರೇ ಒಂದು ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಕೊಯ್ದು ತೋರಿಸಿದೆ. ಹೊಟ್ಟೆಯೊಳಗೆ ಕರಗಿ ಹೋಗಬೇಕಿದ್ದ ಹಳದಿ ಹಾಗೇ ಇತ್ತು, ಹಸಿರು ಮಿಶ್ರಿತ ಕಂದು ನೀರಾಗಿ. ಆ ನಾತಕ್ಕೆ ನಮ್ಮ ಕಾಂಪೌಂಡರ್ ಎದ್ದು ಹೊರಗೆ ಹೋದ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಇ ಕೋಲಿ ಎಂಬ ರೋಗಾಣುವಿನ ಹೆಸರೂ ಗೊತ್ತಿರಲಿಲ್ಲ. ಹೊಕ್ಕಳು ನೋಡುವುದು ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ನೂರು ಮರಿಗೆ ಅರ್ಧ ಗಂಟೆ ಸಾಕು. ಮೊಬೈಲ್ ಕೊಳ್ಳುವಾಗ ಹಿಂದೆ ಮುಂದೆ ತಿರುಗಿಸಿ ನೋಡುತ್ತೇವೆ, ಮರಿಯನ್ನು ಮಾತ್ರ ಡಬ್ಬದ ತೂತಿನಿಂದ ಇಣುಕಿ ನೋಡಿ ದುಡ್ಡು ಕೊಡುತ್ತೇವೆ!

ಅಜ್ಜಿಯ ಮಾತಿನಲ್ಲೇ ಸಮಯ ಓಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೊಕ್ಕಳು ಸರಿಯಿದ್ದರೂ ತಾಯಿಯಿಂದ ಬರುವ ರೋಗ ಉಂಟು. ಪುಲ್ಲೋರಮ್ ಎಂದು ಅದರ ಹೆಸರು, ನಮ್ಮ ಕಡೆ ಬಿಳಿ ಭೇದಿ ಎನ್ನುತ್ತಾರೆ. ಮರಿಯ ಹಿಂಭಾಗಕ್ಕೆ ಸುಣ್ಣ ಮೆತ್ತಿದ ಹಾಗೆ ಅಂಟಿರುತ್ತದೆ. ತಾಯಿ ಕೋಳಿಯ ಒಂದು ಹನಿ ರಕ್ತವನ್ನು ಬಣ್ಣದ ದ್ರಾವಣದೊಂದಿಗೆ ಬೆರೆಸಿದರೆ ರೋಗವಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಒಳ್ಳೆಯ ಹ್ಯಾಚರಿಯವರು ಈ ಪರೀಕ್ಷೆ ಮಾಡಿಸುತ್ತಾರೆ. ಕೇಳಿ. ಕೇಳಿದರೆ ಸಿಟ್ಟಾಗುವವರ ಹತ್ತಿರ ಮರಿ ಕೊಳ್ಳಬೇಡಿ.

ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿಗಳನ್ನು ತುಂಬಾ ಅಗ್ಗಕ್ಕೆ ಮಾರುತ್ತಾರೆ. ಮಕ್ಕಳು ಹಟ ಮಾಡುತ್ತವೆ, ತಾಯಂದಿರು ಕೊಡಿಸುತ್ತಾರೆ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಹೆಣ್ಣು ಮರಿಗಳನ್ನು ಫಾರಂಗೆ ಕಳಿಸಿದ ಮೇಲೆ ಉಳಿಯುವ ಗಂಡು ಮರಿಗಳು ಅವು. ಅವು ಮೊಟ್ಟೆ ಇಡುವುದಿಲ್ಲ, ಮೈಯೂ ಹಿಡಿಯುವುದಿಲ್ಲ. ಕೆಲವರು ಅವನ್ನೇ ನಾಟಿ ಮರಿ ಎಂದು ಮಾರುವುದೂ ಉಂಟು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ನಮ್ಮ ಹಿತ್ತಲಿಗೆ ಒಗ್ಗುತ್ತವೆ. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಸ್ವರ್ಣಧಾರಾ ಇನ್ನೂ ಹೆಚ್ಚು. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಚೆನ್ನಾಗಿವೆ. ಆದರೆ ಇವು ಮಿಶ್ರತಳಿಗಳು. ಇವುಗಳ ಮೊಟ್ಟೆಯನ್ನೇ ನಾಟಿ ಹೇಟೆಯ ಅಡಿ ಇಟ್ಟು ಮರಿ ಮಾಡಿಸಿದರೆ ಆ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಉಳಿಯುವುದಿಲ್ಲ. "ಮೊದಲ ಸಲ ಚೆನ್ನಾಗಿತ್ತು, ಎರಡನೆಯ ಸಲ ಹ್ಯಾಚರಿಯವರು ಮೋಸ ಮಾಡಿದರು" ಎನ್ನುವವರಲ್ಲಿ ಎಷ್ಟೋ ಜನ ಎರಡನೆಯ ಸಲ ಹ್ಯಾಚರಿಗೆ ಹೋಗಿಯೇ ಇರುವುದಿಲ್ಲ!

ಮನೆಗೆ ತಂದ ಕೂಡಲೇ ಮೊದಲು ಬೆಲ್ಲದ ನೀರು, ಆಮೇಲೆ ನುಚ್ಚು. ಕಡಲೆಕಾಯಿ ಸಿಪ್ಪೆ ಅಥವಾ ಭತ್ತದ ಹೊಟ್ಟು ಹಾಸಿ, ಮೇಲೆ ಬಲ್ಬು ಕಟ್ಟಿ. ಮೊದಲ ವಾರ ಮರಿಗಳಿರುವ ಜಾಗದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಲ್ಬಿನ ಕೆಳಗೆ ಒತ್ತರಿಸಿ ನಿಂತರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ. ಮಾರೆಕ್ಸ್ ಎಂಬ ಕೋಳಿ ರೋಗದ ಲಸಿಕೆಯನ್ನು ಹ್ಯಾಚರಿಯಲ್ಲೇ ಮೊದಲ ದಿನ ಹಾಕಿರಬೇಕು, ಚೀಟಿಯಲ್ಲಿ ಬರೆಸಿಕೊಳ್ಳಿ. ಮೊಟ್ಟೆಯೊಡೆದು ಮರಿ ಹೊರಬಂದ ದಿನಾಂಕವನ್ನೂ ಬರೆಸಿಕೊಳ್ಳಿ. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ, ಎರಡು ವಾರಕ್ಕೆ ಗುಂಬೊರೊ ಎಂಬ ರೋಗದ ಲಸಿಕೆ. ಮುಂದಿನದನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ, ಜೇಬಿನಲ್ಲಿ ಅಲ್ಲ.

ಕೊನೆಯದಾಗಿ, "ನಮ್ಮ ಹ್ಯಾಚರಿಯವರು ಮರಿ ಮುಟ್ಟಲು ಬಿಡುವುದಿಲ್ಲ ಸಾರ್" ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಬಿಡದಿದ್ದರೆ ಬರಿಗೈಯಲ್ಲಿ ವಾಪಸು ಬನ್ನಿ. ಹೆಬ್ಬಾಳವಿದೆ, ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಿದೆ. ಮರಿ ಸಿಗುವ ದಿನ ವಿಚಾರಿಸಿ, ಮೊದಲೇ ಹೆಸರು ಬರೆಸಿ ಹೋಗಿ. ಅಲ್ಲಿಗೆ ಹೋದರೂ ಮಗುಚಿಯೇ ನೋಡಿ, ಸರ್ಕಾರಿ ಮರಿ ಎಂದು ಬಿಡಬೇಡಿ. ನಮಸ್ಕಾರ.