ಒಂದು ಮೇಜು, ನಲವತ್ತು ಫೈಲು

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಕಳವಾಗಿದೆ ಅಂದುಕೊಳ್ಳಿ. ಪೊಲೀಸರು ಬಂದರು, ಮುರಿದ ಬೀಗ ನೋಡಿದರು, ದೂರು ಬರೆದುಕೊಂಡು ಹೋದರು. ಆಮೇಲೆ? ಒಂದು ವಾರ ಆಯಿತು, ಮೂರು ವಾರ ಆಯಿತು, ಫೋನೇ ಇಲ್ಲ. "ನಮ್ಮ ಕೇಸ್ ಅಂದ್ರೆ ಇವರಿಗೆ ಅಸಡ್ಡೆ" ಅಂತ ಮನೆಯವರು ನೊಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಅಸಡ್ಡೆಯಲ್ಲ. ಆ ದೂರು ಯಾರ ಮೇಜಿಗೆ ಹೋಯಿತೋ, ಅವರ ಮುಂದೆ ಅಂಥವೇ ಇನ್ನೂ ಮೂವತ್ತು ನಲವತ್ತು ಕಾದು ಕೂತಿರುತ್ತವೆ.

ದೊಡ್ಡ ನಗರದ ಅಂಚಿನಲ್ಲಿ ಬೆಳೆದ ಊರುಗಳಲ್ಲಿ ಈ ಕಷ್ಟ ಜಾಸ್ತಿ. ಹೊಸ ಬಡಾವಣೆ ಏಳುತ್ತದೆ, ಜನ ಬರುತ್ತಾರೆ, ಗಸ್ತು ಹೆಚ್ಚಿಸಿ ಎಂದು ಎಲ್ಲರೂ ಕೇಳುತ್ತಾರೆ. ಗಸ್ತಿನ ಗಾಡಿ ಕಣ್ಣಿಗೆ ಕಾಣುತ್ತದೆ, ಅಲ್ವಾ? ದೂರುಗಳ ತನಿಖೆಗೆಂದೇ ಇರುವ ಪೊಲೀಸರ, ಅಂದರೆ ಪತ್ತೇದಾರರ ಹುದ್ದೆ ಒಂದು ವರ್ಷ ಖಾಲಿ ಬಿದ್ದರೂ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗಸ್ತಿಗೆ ಜನ ಸಾಲದಿದ್ದಾಗ ಈ ಪತ್ತೇದಾರರಿಗೇ ಮತ್ತೆ ಯೂನಿಫಾರಂ ಹಾಕಿಸಿ ಕಳಿಸುವುದೂ ಉಂಟು.

ಇಂಥ ಊರಿನಲ್ಲಿ ಪತ್ತೇದಾರರು ಇರುವುದೇ ಕೆಲವರು. ಕಳ್ಳತನ, ಹಲ್ಲೆ, ಆನ್‌ಲೈನ್ ವಂಚನೆ, ಮಕ್ಕಳ ಮೇಲಿನ ದೌರ್ಜನ್ಯ, ಎಲ್ಲವನ್ನೂ ಅವರೇ ನೋಡಬೇಕು. ಕೊಲೆ ಅಪರೂಪ. ಆದರೆ ಒಂದು ಕೊಲೆ ನಡೆದರೆ ಎಲ್ಲರೂ ಅದಕ್ಕೇ ಓಡುತ್ತಾರೆ. ಓಡಲೇಬೇಕು. ಅಷ್ಟೂ ದಿನ ಉಳಿದ ಫೈಲುಗಳು ಇದ್ದಲ್ಲೇ ಇರುತ್ತವೆ. ಅಷ್ಟರಲ್ಲಿ ರಸ್ತೆ ಮೂಲೆಯ ಸಿಸಿಟಿವಿಯಲ್ಲಿ ಹಳೆಯ ದೃಶ್ಯ ಅಳಿಸಿಹೋಗಿರುತ್ತದೆ. ಕಳ್ಳನನ್ನು ನೋಡಿದವರಿಗೆ ಅವನ ಅಂಗಿಯ ಬಣ್ಣ ಮರೆತಿರುತ್ತದೆ. ವಂಚಕರು ಹಣವನ್ನು ನಾಲ್ಕು ಖಾತೆ ದಾಟಿಸಿರುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಿಂಗಳಿಗೆ 20 ದಿನ, ದಿನಕ್ಕೆ 8 ಗಂಟೆ ಕೆಲಸ. ಒಟ್ಟು 160 ಗಂಟೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವುದು, ವರದಿ ಬರೆಯುವುದು, ತರಬೇತಿ, ರಜೆ ಅಂತ 60 ಹೋಯಿತು ಅನ್ನಿ. ಉಳಿದದ್ದು 100. ಕೈಯಲ್ಲಿ 40 ಕೇಸ್ ಇದ್ದರೆ ಒಂದಕ್ಕೆ ಸಿಗುವುದು ಎರಡೂವರೆ ಗಂಟೆ. ಒಬ್ಬ ಸಾಕ್ಷಿಯ ಮನೆ ಹುಡುಕಿ, ಕೂತು ಮಾತಾಡಿಸಿ ಬರುವುದಕ್ಕೇ ಅಷ್ಟು ಬೇಕು. ಒಂದು ಮೊಬೈಲಿನ ಒಳಗಿರುವುದನ್ನೆಲ್ಲ ನೋಡಿ ಮುಗಿಸಲು ದಿನಗಳೇ ಬೇಕು.

ಹಾಗಾದರೆ ಜನರನ್ನು ಹೆಚ್ಚಿಸಿದರೆ ಆಯಿತಾ? 1975ರಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. ಕೇಸ್ ಬಗೆಹರಿಯುವುದು ಬಹುಪಾಲು ಮೊದಲು ಸ್ಥಳಕ್ಕೆ ಹೋದ ಗಸ್ತಿನ ಪೊಲೀಸರಿಗೆ ನೊಂದವರು ಕೊಟ್ಟ ಮಾಹಿತಿಯಿಂದ ಎಂದಿತು. ಹಾಗಂತ ಪತ್ತೇದಾರರೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ್ದೇ ಬಾಸ್ಟನ್ ನಗರದಲ್ಲಿ 2012ರ ಹೊತ್ತಿಗೆ ಕೊಲೆ ತನಿಖೆಯ ವಿಭಾಗಕ್ಕೆ ಹೆಚ್ಚು ಜನರನ್ನು ಕೊಟ್ಟರು, ತರಬೇತಿ ಕೊಟ್ಟರು, ಕೆಲಸದ ಕ್ರಮವನ್ನೂ ತಿದ್ದಿದರು. ಆಮೇಲೆ ಪತ್ತೆಯಾಗುವ ಕೊಲೆಗಳ ಪ್ರಮಾಣ ಏರಿತು. ಎರಡನ್ನೂ ಸೇರಿಸಿ ನೋಡಿದರೆ ನನಗೆ ಅನ್ನಿಸುವುದು ಇಷ್ಟು: ಮೊದಲ ಗಂಟೆಯ ವರದಿ ಚೆನ್ನಾಗಿರಬೇಕು, ಆ ವರದಿಯನ್ನು ಬೆನ್ನುಹತ್ತಲು ಯಾರಿಗಾದರೂ ಬಿಡುವೂ ಇರಬೇಕು.

ಆದರೆ ಆ ಕೆಲಸಕ್ಕೆ ಬರುವವರೇ ಕಡಿಮೆಯಾಗುತ್ತಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ತಪಾಸಣಾ ಸಂಸ್ಥೆ 2017ರಲ್ಲಿ ಪತ್ತೇದಾರರ ಕೊರತೆಯನ್ನು ರಾಷ್ಟ್ರಮಟ್ಟದ ಬಿಕ್ಕಟ್ಟು ಎಂದೇ ಕರೆಯಿತು. ಅದೇ ವರ್ಷ ಲಂಡನ್ ಪೊಲೀಸರು ಗಸ್ತಿನಲ್ಲಿ ದುಡಿಯದವರನ್ನೂ ನೇರವಾಗಿ ಪತ್ತೇದಾರರಾಗಲು ಕರೆದರು. ಈ ಕೆಲಸದಲ್ಲಿ ರಾತ್ರಿ ಎರಡಕ್ಕೆ ಫೋನ್ ಬಂದರೂ ಏಳಬೇಕು. ಮುಗಿಯದ ಕೇಸ್ ಮನೆಗೂ ಬೆನ್ನುಹತ್ತಿ ಬರುತ್ತದೆ. ನೊಂದ ಮಗುವಿನ ಮಾತು ಕೇಳಿ ಬಂದವರಿಗೆ ಮರುದಿನ ಸುಮ್ನೆ ಇನ್ನೊಂದು ಫೈಲು ತೆರೆಯುವುದು ಸುಲಭವಲ್ಲ. ಅನುಭವ ಇರುವ ಒಬ್ಬರು ಬಿಟ್ಟುಹೋದರೆ ಅವರ ಫೈಲುಗಳು ಉಳಿದವರ ಮೇಜಿಗೆ ಬರುತ್ತವೆ. ಆಗ ಇನ್ನೊಬ್ಬರು ಹೊರಡುತ್ತಾರೆ.

ನಿಮ್ಮ ಊರಿನ ಬಜೆಟ್ ಚರ್ಚೆಯಲ್ಲಿ ಪೊಲೀಸರ ಮಾತು ಬಂದಾಗ ಒಟ್ಟು ಎಷ್ಟು ಮಂದಿ ಎಂದಷ್ಟೇ ಕೇಳಬೇಡಿ. ಒಬ್ಬ ಪತ್ತೇದಾರರ ಕೈಯಲ್ಲಿ ಎಷ್ಟು ಕೇಸ್ ಇವೆ ಎಂದು ಕೇಳಿ. ಯಾವ ಕೇಸನ್ನು ಮುಂದುವರಿಸುತ್ತಾರೆ, ಯಾವುದನ್ನು ಬದಿಗಿಡುತ್ತಾರೆ, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂದೂ ಕೇಳಿ. ಸುಳಿವೇ ಇಲ್ಲದ ಕೇಸನ್ನು ಬದಿಗಿಡುವುದು ತಪ್ಪಲ್ಲ. ಹೇಳದೆ ಇಡುವುದು ತಪ್ಪು. "ನಿಮ್ಮ ಕೇಸ್ ಸದ್ಯಕ್ಕೆ ನಿಂತಿದೆ, ಕಾರಣ ಇದು, ಹೊಸದೇನಾದರೂ ನೆನಪಾದರೆ ಈ ನಂಬರಿಗೆ ಹೇಳಿ." ಇಷ್ಟು ಹೇಳಲು ಐದು ನಿಮಿಷ ಸಾಕು, ಅದಕ್ಕೆ ಪತ್ತೇದಾರರೇ ಬೇಕೆಂದಿಲ್ಲ, ಠಾಣೆಯ ಬೇರೆ ಸಿಬ್ಬಂದಿಯೂ ಮಾಡಬಹುದು.

ನಮಸ್ಕಾರ.